ಎಂಟು ಎಂ.ಬಿ. ನೆನಪು

ನಮ್ಮ ಜಯನಗರದ ಮನೆಯ ಅಟ್ಟದ ಮೇಲೆ, ದಸರೆ ಬೊಂಬೆಗಳ ಪೆಟ್ಟಿಗೆಯ ಪಕ್ಕದಲ್ಲಿ, ಹಳೆಯ ಕಂಪ್ಯೂಟರೊಂದು ಕೂತಿದೆ. ಪ್ರತಿ ವರ್ಷ ಬೊಂಬೆ ಇಳಿಸುವಾಗ ಮಗಳು, “ಅಮ್ಮ, ಈ ಡಬ್ಬಾನ ಗುಜರಿಗೆ ಹಾಕಬಾರದಾ?” ಎನ್ನುತ್ತಾಳೆ. “ಇರಲಿ ಬಿಡೇ” ಎನ್ನುತ್ತೇನೆ ನಾನು. ಅವಳ ಕೈಯ ಫೋನಿನಲ್ಲಿ 8 ಜಿ.ಬಿ. ಮೆಮೊರಿ ಇದೆಯಂತೆ. ಅಟ್ಟದ ಮೇಲಿನದು ನಮ್ಮ ಮನೆಗೆ ಬಂದಾಗ ಅದರಲ್ಲಿದ್ದದ್ದು 8 ಎಂ.ಬಿ., ಅಂದರೆ ಸಾವಿರದಲ್ಲೊಂದು ಪಾಲು. ಆದರೆ ಅವಳ ಪಿ.ಯು.ಸಿ. ಫೀಸು ಕಟ್ಟಿದ್ದು ಆ ಒಂದು ಪಾಲೇ.

1996ರ ಮಾತು. ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ನಾನು ನಾಲ್ಕನೇ ಬ್ಲಾಕಿನಲ್ಲಿ ಮೂರು ತಿಂಗಳು ಡಿ.ಟಿ.ಪಿ. ಕಲಿತು, ಎರಡೆಳೆ ಸರ ಮಾರಿ, ಸೆಕೆಂಡ್‌ಹ್ಯಾಂಡ್ 486 ಕಂಪ್ಯೂಟರ್ ತಂದೆ. ನಡುಮನೆಯ ಮೂಲೆಯಲ್ಲಿಟ್ಟು, ಹಳೆಯ ಸೀರೆಯಿಂದ ಕವರು ಹೊಲಿದು ಹೊದಿಸಿದೆ. ಮದುವೆಯ ಕರೆಯೋಲೆ, ಕಾಲೇಜು ಹುಡುಗಿಯರ ಪ್ರಾಜೆಕ್ಟು, ಹೀಗೆ ಒಂದೊಂದೇ ಕೆಲಸ ಬರತೊಡಗಿತು.

ಆಗ ಬನಶಂಕರಿಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹುಟ್ಟೂರಿನ ಚರಿತ್ರೆಯ ಹಸ್ತಪ್ರತಿ ತಂದರು. ಇನ್ನೂರು ಪುಟ. “ಕಣ್ಣು ದಿನೇ ದಿನೇ ಮಂಜಾಗ್ತಿದೆ, ತಾಯಿ. ಕಾಣೋವಾಗಲೇ ಅಚ್ಚಿನಲ್ಲಿ ಒಂದ್ಸಲ ಓದಿಬಿಡಬೇಕು” ಎಂದು ಅರ್ಧ ಹಣ ಮುಂಗಡ ಕೊಟ್ಟರು. ಅದು ಅದೇ ವಾರ ಫೀಸಿಗೆ ಹೋಯಿತು.

ನೂರನಲವತ್ತನೆಯ ಪುಟದಲ್ಲಿ ಗ್ರಹಚಾರ ಕಾದಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ‘ಔಟ್ ಆಫ್ ಮೆಮೊರಿ’ ಎಂಬ ಅಕ್ಷರ ಮೂಡಿತು. ಪರದೆ ಕಲ್ಲಿನಂತೆ ನಿಂತಿತು. ಸಂಜೆಯಿಂದ ಹೊಡೆದ ಹನ್ನೆರಡು ಪುಟ, ಸೇವ್ ಮಾಡದ್ದು, ಹೋಯಿತು. ಮರುದಿನವೂ ಅದೇ ಕಥೆ. ರಿಪೇರಿಯವನು ಬಂದು ನೋಡಿ, “ಮೇಡಂ, ಹೊಸದು ತಗೊಳ್ಳಿ. ಇಲ್ಲಾಂದ್ರೆ ಇನ್ನೊಂದು 8 ಎಂ.ಬಿ. ಹಾಕಿಸಿ” ಎಂದು ಬೆಲೆ ಹೇಳಿದ. ಮಗಳ ವರ್ಷದ ಫೀಸಿಗಿಂತ ಹೆಚ್ಚು! ಅಂದು ರಾತ್ರಿ ಕೈಬಳೆಯನ್ನು ಎರಡು ಸಲ ತಿರುಗಿಸಿ ನೋಡಿಕೊಂಡೆ.

ಮೆಮೊರಿ ಅಷ್ಟು ತುಟ್ಟಿಯಾಗಿದ್ದೇಕೆಂದು ಆಮೇಲೆ ತಿಳಿಯಿತು. 1993ರ ಜುಲೈನಲ್ಲಿ ಜಪಾನಿನ ನಿಯಿಹಾಮದಲ್ಲಿ ಒಂದು ಕಾರ್ಖಾನೆ ಸ್ಫೋಟಗೊಂಡಿತು. ಚಿಪ್ಪುಗಳಿಗೆ ಹೊದಿಕೆ ಹಾಕುವ ರಾಳಕ್ಕೆ ಪ್ರಪಂಚವೆಲ್ಲ ಹೆಚ್ಚಾಗಿ ಆ ಕಾರ್ಖಾನೆಯನ್ನೇ ನಂಬಿತ್ತು. ಬೆಲೆ ಜಿಗಿಯಿತು. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂತು. ಅದಕ್ಕೆ ಕನಿಷ್ಠ 4 ಎಂ.ಬಿ. ಬೇಕು, 8 ಇದ್ದರೆ ಒಳ್ಳೆಯದು ಎಂದಾಗ ಎಲ್ಲರೂ ಮೆಮೊರಿಗೆ ಮುಗಿಬಿದ್ದರು. ಎಲ್ಲೋ ದೂರದ ಬೆಂಕಿಯ ಬಿಸಿ ಜಯನಗರದ ನನ್ನ ಬಳೆಯವರೆಗೂ ಬಂದಿತ್ತು.

ಬಳೆ ಉಳಿಸಿದವನು ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ. “ಆಂಟಿ, ಮೆಮೊರಿ ಅಂದ್ರೆ ನಿಮ್ಮ ಅಡುಗೆಕಟ್ಟೆ. ಹಾರ್ಡ್ ಡಿಸ್ಕ್ ಅಂದ್ರೆ ಉಗ್ರಾಣ. ಕಟ್ಟೇಲಿ ಜಾಗ ಸಾಲದಾಗ ಕೆಲವು ಪಾತ್ರೆ ತೆಗೆದು ಉಗ್ರಾಣದಲ್ಲಿಟ್ಟು, ಬೇಕಾದಾಗ ತಗೊಳ್ತೀರಲ್ಲ? ಇದೂ ಹಾಗೇ ಮಾಡುತ್ತೆ. ನಿಮ್ಮ ಉಗ್ರಾಣದಲ್ಲಿ ಕಾಲಿಡಕ್ಕೂ ಜಾಗ ಇಲ್ಲ” ಎಂದ. ನಿಜ. 540 ಎಂ.ಬಿ. ಡಿಸ್ಕಿನಲ್ಲಿ ಐದು ಎಂ.ಬಿ. ಖಾಲಿ ಇತ್ತು. ಮುಗಿದ ಮದುವೆಗಳ ಕರೆಯೋಲೆಗಳೆಲ್ಲ ಇದ್ದವು. ಸ್ಕ್ಯಾನ್ ಮಾಡಿದ ಗಣಪತಿಗಳೇ ನಲವತ್ತು!

ಒಂದು ಭಾನುವಾರವೆಲ್ಲ ಕೂತೆವು. ಬೇಕಾದ ಹಳೆಯ ಕೆಲಸವನ್ನು ಫ್ಲಾಪಿಗಳಿಗೆ ಇಳಿಸಿದೆವು. ಒಂದರಲ್ಲಿ ಹಿಡಿಯುತ್ತಿದ್ದದ್ದು 1.44 ಎಂ.ಬಿ. ಮಾತ್ರ. ಟೆಂಪ್ ಫೈಲುಗಳನ್ನು ಅಳಿಸಿ ಕಸದ ಬುಟ್ಟಿ ಖಾಲಿ ಮಾಡಿದೆವು. ಮುನ್ನೂರು ಚಿಲ್ಲರೆ ಫಾಂಟುಗಳಲ್ಲಿ ನಾನು ಬಳಸುವ ಹತ್ತನ್ನೂ, ವಿಂಡೋಸಿಗೇ ಬೇಕಾದವನ್ನೂ ಉಳಿಸಿದೆವು. ಆನ್ ಮಾಡಿದ ಕೂಡಲೇ ಕರೆಯದೆ ಬಂದು ಕೂರುತ್ತಿದ್ದ ಪ್ರೋಗ್ರಾಮುಗಳನ್ನೂ, ಪರದೆಯ ಹಿಂದಿನ ಅರಮನೆಯ ಚಿತ್ರವನ್ನೂ ತೆಗೆದೆವು. ಕೊನೆಗೆ ಮೇಷ್ಟ್ರ ಪುಸ್ತಕವನ್ನು ಅಧ್ಯಾಯಕ್ಕೊಂದು ಫೈಲಾಗಿ ಒಡೆದೆವು. ಸೋಮವಾರ ಅದೇ ಡಬ್ಬ, ಅದೇ 8 ಎಂ.ಬಿ.; ನಿಧಾನವಾಗಿಯಾದರೂ ನಿಲ್ಲದೆ ನಡೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಂಪ್ಯೂಟರಿಗೂ ಸಲ್ಲುತ್ತದೆ.

ಇದು ಬಡವರ ಮನೆಯ ತೊಂದರೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಮಗಳು ಕಂಪ್ಯೂಟರ್ ಓದತೊಡಗಿದ ಮೇಲೆ ಅವಳ ಪುಸ್ತಕಗಳಲ್ಲಿ ಕಣ್ಣಾಡಿಸಿದಾಗ ಬೇರೆಯೇ ಕಥೆ ತಿಳಿಯಿತು. 1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರು ‘1202’ ಎಂದು ಎಚ್ಚರಿಕೆ ಕೊಟ್ಟಿತು. ಅದರ ಅರ್ಥ, ಹೊಸ ಕೆಲಸ ಇಟ್ಟುಕೊಳ್ಳಲು ಮೆಮೊರಿಯಲ್ಲಿ ಜಾಗವಿಲ್ಲ ಎಂದು! ರಾಡಾರ್ ಒಂದರ ಅನಗತ್ಯ ಸಂಕೇತಗಳು ಅದರ ಸಮಯ ತಿಂದು, ಮುಗಿಯದ ಕೆಲಸಗಳು ಒಂದರ ಮೇಲೊಂದು ಬಿದ್ದಿದ್ದವು. ಅದು ಮುಖ್ಯವಲ್ಲದ್ದನ್ನು ಕೈಬಿಟ್ಟು, ಇಳಿಸುವ ಕೆಲಸವನ್ನಷ್ಟೇ ಹಿಡಿದುಕೊಂಡಿತು. ಹಾಗೆ ಮಾಡುವಂತೆ ತಂತ್ರಾಂಶ ಬರೆದ ತಂಡದ ಮುಂದಾಳು ಒಬ್ಬ ಹೆಂಗಸು, ಮಾರ್ಗರೆಟ್ ಹ್ಯಾಮಿಲ್ಟನ್.

ಇನ್ನೊಂದು ಸಂಗತಿ ಓದಿದಾಗ ಮೈ ಝುಮ್ಮೆಂದಿತು. ಆ ಕಂಪ್ಯೂಟರಿನ ಕಾಯಂ ಮೆಮೊರಿಯನ್ನು ಅಮೆರಿಕದ ವಾಲ್ತಮ್ ಊರಿನ ಕಾರ್ಖಾನೆಯಲ್ಲಿ ಹೆಂಗಸರು ಕೈಯಿಂದ ಹೆಣೆದಿದ್ದರು. ಪುಟ್ಟ ಕಾಂತದ ಉಂಗುರದ ಒಳಗೆ ತಂತಿ ಹಾದರೆ ಒಂದು, ಹೊರಗೆ ಹೋದರೆ ಸೊನ್ನೆ. ಹೂಮಾಲೆ ಕಟ್ಟಿದಂತೆ, ಆದರೆ ಒಂದು ಎಳೆ ತಪ್ಪಿದರೂ ಲೆಕ್ಕವೇ ತಪ್ಪುತ್ತಿತ್ತು. ನಮ್ಮ ದೇಶದ ಟಿಫ್ರ್ಯಾಕ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ ಕಂಪ್ಯೂಟರು, ಅದೂ ಉಂಗುರಗಳ ಮೆಮೊರಿಯದೇ. ತಲಾ ನಲವತ್ತು ಬಿಟ್ಟಿನ 2048 ಪದ; ನಮ್ಮ ಲೆಕ್ಕದಲ್ಲಿ 10 ಕೆ.ಬಿ. ವಿಜ್ಞಾನಿಗಳು ಅಷ್ಟರಲ್ಲೇ ಲೆಕ್ಕ ಮಾಡಿದರು. ನನ್ನ 8 ಎಂ.ಬಿ. ಅದರ ಎಂಟುನೂರು ಪಟ್ಟು! ನಾನು ಬಡವಿಯಾಗಿರಲಿಲ್ಲ, ಕಟ್ಟೆಯ ಮೇಲೆ ಏನಿಡಬೇಕೆಂದು ತಿಳಿದಿರಲಿಲ್ಲ, ಅಷ್ಟೆ.

ಮೇಷ್ಟ್ರ ಪುಸ್ತಕ ಅಚ್ಚಿಗೆ ಹೋಯಿತು. ಆ ವರ್ಷ ಮೆಮೊರಿಯ ಬೆಲೆ ಪ್ರಪಂಚದಲ್ಲೆಲ್ಲ ಕುಸಿಯಿತು. ದೀಪಾವಳಿಯ ಹೊತ್ತಿಗೆ ನಾನೂ ಪಕ್ಕದ ಮನೆಯ ಹುಡುಗನೂ ಎಸ್.ಪಿ. ರೋಡಿಗೆ ಹೋಗಿ, ಮೊದಲು ಹೇಳಿದ್ದರ ಮೂರರಲ್ಲೊಂದು ಬೆಲೆಗೆ ಇನ್ನೊಂದು 8 ಎಂ.ಬಿ. ತಂದೆವು. ಅದರ ಹಳದಿ ಹಲ್ಲುಗಳನ್ನು ಅವನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದ. ಬಳೆ ಕೈಯಲ್ಲೇ ಉಳಿಯಿತು.

ಪುಸ್ತಕ ಬಂದ ದಿನ ಮೇಷ್ಟ್ರು ಪ್ರತಿಯೊಂದನ್ನು ಹಿಡಿದು ನಮ್ಮ ಮನೆಗೇ ಬಂದರು. ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಮೂಗಿನ ಹತ್ತಿರಕ್ಕೆ ತಂದು, ತಮ್ಮ ಊರಿನ ಕೆರೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ಕಂಪ್ಯೂಟರಿನೊಂದಿಗೆ ಕಳೆದುಹೋಗಿ, ನಾನು ಎರಡನೆಯ ಸಲ ಹೊಡೆದ ಹನ್ನೆರಡು ಪುಟ ಅವೇ. ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು. ಅದು ಅವಳಿಗೆ ಮರೆತುಹೋಗಿದೆ. ಅದಕ್ಕೇ ಡಬ್ಬ ಅಟ್ಟದ ಮೇಲಿದೆ.