ಸೇನ್ ಹೊಳಿ ಮ್ಯಾಲ ರಾತ್ರಿ ಊಟ, ಅದಕ್ಕಿಂತ ಮುಂಚೆ ಅರಿವಿ ಒಗ್ಯಾಣ

"ಪ್ಯಾರಿಸ್ಸಿನ ಹೊಳ್ಯಾಗ ಬೋಟಿನೊಳಗ ಕೂತು ಊಟಾ ಮಾಡಿದ್ರಂತಲ್ಲ, ಏನೇನ ಬಡಿಸಿದ್ರು?" ಅಂತ ಕಾಕುನಿಂದ ಹಿಡದು ಬಾಜೂ ಮನಿ ವೈನಿ ತನಕ ಎಲ್ಲಾರೂ ಕೇಳ್ಯಾರ. ಊಟದ ಸುದ್ದಿ ನಾಕ ಮಾತಿನ್ಯಾಗ ಮುಗೀತದ. ಮುಂಚೆನ ಹೇಳಿದ್ರ ಸಸ್ಯಾಹಾರ ಕೊಡ್ತಾರ, ಆದ್ರ ತತ್ತಿ ಬ್ಯಾಡ ಅಂತ ಬ್ಯಾರೆನ ಹೇಳಬೇಕು, ಅವರ ಲೆಕ್ಕದಾಗ ತತ್ತಿ ಸಸ್ಯಾಹಾರದಾಗ ಬರ್ತದ. ಬ್ರೆಡ್ ಛಲೋ ಇರ್ತದ, ಕಾಯಿಪಲ್ಯೆ ಬೇಯಿಸಿ ಮ್ಯಾಲ ಕೆನಿ ಸುರುವಿರ್ತಾರ, ಸಿಹಿ ಭಾಳ ಛಂದ ಮಾಡ್ತಾರ. ಖಾರ ಅನ್ನೋದು ಹೆಸರಿಗೂ ಇಲ್ಲ. ಹೋಗವರು ಪರ್ಸಿನ್ಯಾಗ ಶೇಂಗಾ ಚಟ್ನಿಪುಡಿ ಇಟಗೊಂಡು ಹೋಗ್ರಿ.

ನನಗ ಹೇಳಬೇಕಾಗಿರೋದು ಆ ಹೊಳಿ ಕಥಿ. ಇವತ್ತು ಕಾಜಿನ ಮಾಡಿನ ಬೋಟಿನ್ಯಾಗ ಬಿಳಿ ಮೇಜವಸ್ತ್ರ ಹಾಸಿ, ಎರಡೂ ದಂಡಿ ದೀಪ ನೋಡಕೋತ ಉಣ್ಣೋ ಈ ಸೇನ್ ಹೊಳಿ, ನೂರಾರು ವರ್ಷ ಆ ಊರಿನ ಹಿತ್ತಲ ಆಗಿತ್ತು. ನೀರು ತುಂಬೋದು ಇಲ್ಲೆ, ಒಲಿ ಕಟಗಿ ಇಳಸೋದು ಇಲ್ಲೆ, ಅರಿವಿ ಒಗಿಯೋದು ಇಲ್ಲೆ. ಹಿತ್ತಲ ಹೋಗಿ ಅಂಗಳ ಆದದ್ದು ಅವರ ಇತಿಹಾಸದ ಲೆಕ್ಕದಾಗ ಮೊನ್ನೆ ಮೊನ್ನೆ. ಬೋಟಿನ್ಯಾಗ ಕಿವಿಗೆ ಹಚಗೊಂಡು ಕೇಳೋ ಯಂತ್ರ ಇರ್ತದ, ಅದು ರಾಜರದು, ಅರಮನಿದು, ಚರ್ಚಿಂದು ಎಲ್ಲಾ ಹೇಳ್ತದ. ಒಗ್ಯಾಣದ್ದು ಹೇಳಲಿಲ್ಲ. ಅದಕ್ಕ ನಾನು ಬರಿಯೋದು.

ಮೊದಲ ಬೋಟಿನ ಹೆಸರಿಂದನ ಸುರು ಮಾಡೋಣ, ಯಾಕಂದ್ರ ಅದು ನಗೋ ಕಥಿ ಅದ. ಅಲ್ಲಿ ಈ ಬೋಟಿಗೆ "ಬಾತೋ ಮೂಶ್" ಅಂತಾರ. ಬಾತೋ ಅಂದ್ರ ದೋಣಿ, ಮೂಶ್ ಅಂದ್ರ ಅವರ ಭಾಷಾದಾಗ ನೊಣ. ನೊಣದ ದೋಣಿ ಅಂದ್ರ ಏನಪಾ ಅಂತ ನನಗೂ ಅನಿಸಿತ್ತು. ನೊಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಲಿಯೋಂ ಅನ್ನೋ ಊರಾಗ ಮೂಶ್ ಅನ್ನೋ ಓಣಿ ಇತ್ತು, ಅಲ್ಲೆ ಉಗಿ ದೋಣಿ ಕಟ್ಟತಿದ್ರು. 1867ರಲ್ಲಿ ಪ್ಯಾರಿಸ್ಸಿನ್ಯಾಗ ಜಗತ್ತಿನ ದೊಡ್ಡ ಪ್ರದರ್ಶನ ನಡೀತು. ಬಂದ ಮಂದಿನ್ನ ಒಯ್ದು ತರಲಿಕ್ಕೆ ಆ ದೋಣಿಗಳನ್ನ ಸೇನ್ ಹೊಳಿಗೆ ತಂದ್ರು. ಪ್ರದರ್ಶನ ಮುಗದ ಮ್ಯಾಲೂ ಅವು ಉಳದು, ನಮ್ಮ ಸಿಟಿ ಬಸ್ಸಿನಂಗ ಘಾಟಿನಿಂದ ಘಾಟಿಗೆ ಮಂದಿನ್ನ ಹೊತಗೊಂಡು ಅಡ್ಡಾಡಿದವು. ಕೆಲಸಕ್ಕ ಹೋಗವರು, ಸಂತಿಗೆ ಹೋಗವರು ಎಲ್ಲಾ ಅದರಾಗನ. 1900ರಲ್ಲಿ ನೆಲದ ಬುಡಕ ಮೆಟ್ರೋ ರೈಲು ಬಂತು, ದೋಣಿ ಹತ್ತವರು ಕಡಿಮಿ ಆದ್ರು, 1930ರ ದಶಕದಾಗ ಆ ಸೇವಾ ನಿಂತ ಹೋತು.

ಆಮ್ಯಾಲ 1949ರಲ್ಲಿ ಝಾಂ ಬ್ರುಯೆಲ್ ಅನ್ನವನು ಒಂದು ಹಳೇ ದೋಣಿ ಕೊಂಡು, ಊರು ನೋಡಲಿಕ್ಕೆ ಬಂದವರನ್ನ ತಿರಗಿಸೋ ಕಂಪನಿ ಮಾಡಿದ. ಈ ಮನಷ್ಯಾ ಭಾರೀ ಕಿಲಾಡಿ. 1953ರ ಏಪ್ರಿಲ್ 1ನೇ ತಾರೀಖು ಒಂದು ಸಮಾರಂಭ ಇಟ್ಟು, "ಝಾಂ ಸೆಬಾಸ್ತಿಯಾಂ ಮೂಶ್ ಅಂತ ಒಬ್ಬ ಮಹಾಪುರುಷ ಇದ್ದ, ಈ ದೋಣಿ ಕಂಡುಹಿಡದವನು ಅವನ" ಅಂತ ಹೇಳಿ, ಅವಂದೊಂದು ಮೂರ್ತಿ ಮಾಡಸಿ, ಜೀವನಚರಿತ್ರಿನೂ ಬರಸಿಬಿಟ್ಟ. ದೊಡ್ಡ ದೊಡ್ಡವರು ಬಂದು ಕೂತು ಕೇಳಿದ್ರು. ಅಂಥಾ ಮನಷ್ಯಾ ಹುಟ್ಟೇ ಇರಲಿಲ್ಲ! ಏಪ್ರಿಲ್ ಒಂದು ಅನ್ನೋದು ಯಾರಿಗೂ ನೆನಪಾಗಲಿಲ್ಲ ಕಾಣಸ್ತದ. ಕಂಪನಿಗೆ ಮಾತ್ರ ಪೇಪರಿನ್ಯಾಗ ಪುಕ್ಕಟೆ ಜಾಹೀರಾತು ಸಿಕ್ತು.

ಇರಲಿ. ಇಲ್ಲದ ಗಂಡಸಿಗೆ ಮೂರ್ತಿ ಮಾಡಿಸಿದ ಅದೇ ಹೊಳ್ಯಾಗ, ಖರೇನ ದುಡದ ಹೆಣ್ಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ.

ಹಿತ್ತಲ ಅಂದೆ ಅಲ್ಲ, ಅದು ಹ್ಯಾಂಗ ಅಂತ ಹೇಳ್ತೀನಿ. ಒಲಿಯಿಂದ ಸುರು ಮಾಡ್ರಿ. ಪ್ಯಾರಿಸ್ಸಿನಂಥಾ ಥಂಡಿ ಊರಿಗೆ ಅಡಗಿಗೂ ಕಟಗಿ ಬೇಕು, ಮನಿ ಬೆಚ್ಚಗಿಡಲಿಕ್ಕೂ ಕಟಗಿ ಬೇಕು. ಸುತ್ತಲಿನ ಅಡವಿ ಕಡದು ಕಡದು ಖಾಲಿ ಆತು. 16ನೇ ಶತಮಾನದಿಂದ ಮೊರ್ವಾಂ ಅನ್ನೋ ಗುಡ್ಡಗಾಡು ಸೀಮಿಯಿಂದ ಕಟಗಿನ್ನ ಹಳ್ಳಕ್ಕ ಬಿಟ್ಟು, ಮುಂದ ತೆಪ್ಪ ಕಟ್ಟಿ, ಯೋನ್ ಹೊಳಿಯಿಂದ ಸೇನ್ ಹೊಳಿಗೆ ತೇಲಿಸಿಕೋತ ತರತಿದ್ರು. ಮುನ್ನೂರಕ್ಕೂ ಹೆಚ್ಚು ವರ್ಷ ಪ್ಯಾರಿಸ್ಸಿನ ಒಲಿ ಉರದದ್ದು ಹಿಂಗ ತೇಲಿ ಬಂದ ಕಟಗಿಯಿಂದ. ಅದೇ ಮೊರ್ವಾಂ ಸೀಮಿಯಿಂದ 19ನೇ ಶತಮಾನದಾಗ ಬಾಣಂತ್ಯಾರು ತಮ್ಮ ಕೂಸು ಊರಾಗ ಬಿಟ್ಟು, ಪ್ಯಾರಿಸ್ಸಿನ ಶ್ರೀಮಂತರ ಕೂಸಿಗೆ ಹಾಲು ಕುಡಸಲಿಕ್ಕೆ ಬರತಿದ್ರು. ಇದನ್ನ ಓದಿದಾಗ ನನಗ ಕಸಿವಿಸಿ ಆತು. ಅದು ಬ್ಯಾರೆನ ಕಥಿ, ಇಲ್ಲೆ ಬ್ಯಾಡ.

ಇನ್ನ ನೀರು. ಬೋಟು ಪೊಂ ನೆಫ್ ಅನ್ನೋ ಸೇತುವಿ ಬುಡಕ ಹಾಯತದ. ಹೆಸರಿನ ಅರ್ಥ "ಹೊಸ ಸೇತುವಿ", ಆದ್ರ ಈಗ ಊರಾಗ ಉಳದದ್ದರಾಗ ಎಲ್ಲಾಕ್ಕಿಂತ ಹಳೇದು ಅದನ. 1578ರಲ್ಲಿ ಸುರು ಮಾಡಿ 1607ರಲ್ಲಿ ಮುಗಸಿದ್ರು. ಆ ಕಾಲದಾಗ ಬ್ಯಾರೆ ಸೇತುವಿ ಮ್ಯಾಲ ಎರಡೂ ಕಡೆ ಮನಿ ಕಟಗೊಂಡಿರ್ತಿದ್ರು, ಇದರ ಮ್ಯಾಲ ಮನಿ ಕಟ್ಟಗೊಡಲಿಲ್ಲ, ಹಿಂಗಾಗಿ ಮಂದಿಗೆ ನಿಂತು ಹೊಳಿ ನೋಡಲಿಕ್ಕೆ ಜಾಗಾ ಸಿಕ್ತು. ಈ ಸೇತುವಿಗೆ ಹಚ್ಚಿ 1608ರ ಸುಮಾರಿಗೆ ಒಂದು ದೊಡ್ಡ ನೀರೆತ್ತೋ ಗಾಲಿ ಕೂಡಿಸಿದ್ರು. ನೀರು ಹೋಗತಿದ್ದದ್ದು ಅರಮನಿಗೆ, ಅರಮನಿ ತೋಟಕ್ಕ. ಅದರ ಮ್ಯಾಲ, ಬಾವಿ ಕಟ್ಟಿಮ್ಯಾಲೆ ಯೇಸುಗೆ ನೀರು ಕೊಡೋ ಸಮಾರ್ಯದ ಹೆಂಗಸಿನ ಶಿಲ್ಪ ಇತ್ತು, ಅದಕ್ಕ ಅದಕ್ಕ ಸಮಾರಿತೇನ್ ಅಂತ ಹೆಸರು. 1813ರಲ್ಲಿ ಗಾಲಿ ಕೆಡವಿದ್ರು. ಈಗ ಅದೇ ಹೆಸರಿನ ದೊಡ್ಡ ಅಂಗಡಿ ಹೊಳಿ ದಂಡಿಗೆ ಅದ. ಕಿಡಿಕ್ಯಾಗ ಇಟ್ಟ ಚೀಲದ ಬೆಲಿ ನೋಡಿ ಮಗಳು ನನ್ನ ಕೈ ಹಿಡದು ಮುಂದ ಎಳಕೊಂಡು ಹೋದಳು.

ಅರಮನಿಗೆ ಗಾಲಿ ಆತು, ಬಡವರಿಗೆ? ನೀರು ಹೊರೋ ಮಂದಿ ಇದ್ರು. ಹೆಗಲ ಮ್ಯಾಲ ಅಡ್ಡಿ, ಎರಡೂ ತುದಿಗೆ ಬಕೀಟು, ಐದನೇ ಮಜಲು ಆರನೇ ಮಜಲು ತನಕ ಹತ್ತಿ ಹಾಕಿ ಬರೋದು. ಓವರ್ನ್ ಸೀಮಿಯಿಂದ ಬಂದವರು ಈ ಕೆಲಸದಾಗ ಭಾಳ ಮಂದಿ ಇದ್ರು. ಒಂದೊಂದು ಬಕೀಟಿಗೂ ರೊಕ್ಕ. ನೀರು ಕೊಂಡು ಬಾಳ್ವೆ ಮಾಡೋ ಮನ್ಯಾಗ ಒಂದು ಚಾದರ ಒಗಿಯೋದು ಅಂದ್ರ ಏನು ಅಂತ ನಮಗ ತಿಳೀತದ. ನಮ್ಮ ಊರಾಗ ಎಂಟು ದಿವಸಕ್ಕೊಮ್ಮೆ ನಳ ಬರೋ ಕಾಲ ನಾವು ನೋಡೇವಿ. ಮನ್ಯಾಗ ಒಗಿಯೋದು ಆಗದ ಮಾತು. ಅದಕ್ಕ ಅರಿವಿನ ಹೊಳಿಗೆ ಹೋಗಬೇಕಾತು.

ಹೊಳಿ ದಂಡಿಗೆ ಒಗಿಯೋ ದೋಣಿ ಇದ್ದವು, "ಬಾತೋ ಲವ್ವಾರ್" ಅಂತಾರ. ದೋಣಿ ಅಂದ್ರ ಎಲ್ಲೂ ಹೋಗಂಗಿಲ್ಲ, ಹಗ್ಗದಿಂದ ದಂಡಿಗೆ ಬಿಗದ ಉದ್ದನ ತೇಲೋ ಮನಿ. 17ನೇ ಶತಮಾನದಿಂದಲೂ ಇದ್ದವು, 19ನೇ ಶತಮಾನದಾಗ ದೊಡ್ಡು ದೊಡ್ಡು ಆದವು. ಕೆಳಗ ನೀರಿನ ಮಟ್ಟಕ್ಕ ಸಾಲಾಗಿ ಹಲಗಿ, ಒಳಗ ನೀರು ಕಾಸೋ ಹಂಡೆ, ಮ್ಯಾಲಿನ ಮಜಲಿನ್ಯಾಗ ಒಣ ಹಾಕೋ ಜಾಗಾ. ರೊಕ್ಕ ಕೊಟ್ಟು ಜಾಗಾ ಹಿಡೀಬೇಕು, ಎಷ್ಟೊತ್ತು ನಿಂತ್ರ ಅಷ್ಟು ರೊಕ್ಕ. ಕೂಲಿಗೆ ಒಗಿಯವರೂ ಬರತಿದ್ರು, ತಮ್ಮ ಮನಿ ಅರಿವಿ ತಂದವರೂ ಬರತಿದ್ರು. ಚಳಿಗಾಲದಾಗ ಆ ಹೊಳಿ ನೀರಾಗ ಕೈ ಅದ್ದೋದು ಅಂದ್ರ! ನಾನು ಅಕ್ಟೋಬರದಾಗ ದಂಡಿಗೆ ಕೂತು ಸುಮ್ಮನ ಒಂದು ಬಟ್ಟು ಇಟ್ಟು ನೋಡಿದೆ, ಝುಮ್ ಅಂತು.

ಒಗಿಯೋ ಪದ್ಧತಿ ಕೇಳ್ರಿ, ನಮ್ಮ ಅಜ್ಜ್ಯಾರಿಗೆ ಹೇಳಿದ್ರ ನಕ್ಕು ತಲಿ ಹಾಕ್ತಿದ್ರು. ದೊಡ್ಡ ಕಟ್ಟಿಗಿ ತೊಟ್ಟಿಯೊಳಗ ಅರಿವಿ ಪದರ ಪದರ ತುಂಬೋದು, ಮ್ಯಾಲ ಒಂದು ದಪ್ಪ ಅರಿವಿ ಹಾಸಿ ಅದರ ಮ್ಯಾಲ ಕಟಗಿ ಬೂದಿ ಹಾಕೋದು, ಕಾದ ನೀರು ಸುರೀತ ಹೋಗೋದು. ಬೂದಿ ನೀರು ಕೆಳಗ ಇಳದು ಬಂದದ್ದನ್ನ ಮತ್ತ ಕಾಸಿ ಮತ್ತ ಸುರಿಯೋದು. ಆಮ್ಯಾಲ ಹೊಳ್ಯಾಗ ಹಿಂಡಿ, ಕಟ್ಟಿಗಿ ಬಡಿಗಿಲೆ ಬಡದು, ಜಾಲಿಸೋದು. ನಮ್ಮಲ್ಲೆ ಬೂದಿ, ಸವಳು ಮಣ್ಣು, ಅಂಟವಾಳಕಾಯಿ ಇದ್ದವು, ಅವರಲ್ಲೂ ಬೂದಿ. ತೇಲಿ ಬಂದ ಕಟಗಿ ಒಲ್ಯಾಗ ಸುಟ್ಟು, ಅದರ ಬೂದಿ ಮತ್ತ ಹೊಳಿ ನೀರಿಗೆನ ಬಂತು ಅಂತಾತು. ಏನೂ ದಂಡ ಮಾಡತಿರಲಿಲ್ಲ ಹೆಣ್ಮಕ್ಕಳು.

ವರ್ಷಕ್ಕೊಮ್ಮೆ ಇವರಿಗೂ ಒಂದು ದಿವಸ ಇತ್ತು. ಈಸ್ಟರಿಗೆ ಮುಂಚೆ ಅವರಿಗೆ ನಲವತ್ತು ದಿವಸದ ಉಪವಾಸ ಇರ್ತದ, ಅದರ ನಟ್ಟನಡುವ ಒಂದು ಗುರುವಾರ. ಅವತ್ತು ಒಂದೊಂದು ಒಗಿಯೋ ಮನ್ಯಾಗೂ ಒಬ್ಬಾಕಿನ್ನ ರಾಣಿ ಅಂತ ಆರಿಸಿ, ಕಿರೀಟ ಇಟ್ಟು, ಗಾಡ್ಯಾಗ ಕೂಡಿಸಿ ಮೆರವಣಿಗಿ ಮಾಡತಿದ್ರು. ಮರುದಿವಸ ಮತ್ತ ಬಡಿಗಿ. ಕ್ಷಯ ರೋಗ ಇವರಾಗ ಭಾಳ ಇತ್ತು. ಹಸಿ, ಉಗಿ, ರೋಗಿಗಳ ಅರಿವಿ, ಇನ್ನೇನು ಆಗಬೇಕು.

ಝೋಲಾ ಅನ್ನೋ ಲೇಖಕ 1877ರಲ್ಲಿ ಬರದ "ಲಾಸೊಮ್ವಾರ್" ಕಾದಂಬರಿ ನಾಯಕಿ ಇಂಥಾ ಒಬ್ಬ ಅರಿವಿ ಒಗಿಯೋ ಹೆಂಗಸನ. ಹೊಳಿ ದಂಡಿಗೆ ಓರ್ಸೇ ಮ್ಯೂಸಿಯಂ ಅದ, 1900ರಲ್ಲಿ ರೈಲ್ವೆ ಸ್ಟೇಶನ್ ಅಂತ ಕಟ್ಟಿದ್ದು, 1986ರಲ್ಲಿ ಮ್ಯೂಸಿಯಂ ಆತು. ಅದರೊಳಗ ಡೆಗಾ ಬರದ ಒಂದು ಚಿತ್ರ ನೋಡ್ರಿ. ಇಬ್ಬರು ಇಸ್ತ್ರಿ ಮಾಡವರು. ಒಬ್ಬಾಕಿ ಎರಡೂ ಕೈಲೆ ಭಾರ ಹಾಕಿ ಇಸ್ತ್ರಿ ಒತ್ತಲಿಕ್ಕೆ ಹತ್ಯಾಳ, ಇನ್ನೊಬ್ಬಾಕಿ ಕೈಯಾಗ ಬಾಟ್ಲಿ ಹಿಡದು, ಬಾಯಿ ದೊಡ್ಡದಾಗಿ ತಗದು ಆಕಳಸಲಿಕ್ಕೆ ಹತ್ಯಾಳ. ಮೋನಾಲಿಸಾ ಮುಂದ ನಿಂತಾಗ ಆಗದ್ದು ನನಗ ಆ ಆಕಳಿಕಿ ಮುಂದ ಆತು. ಮಗಳು ಬಂದು "ಅವ್ವಾ, ನಡಿ, ಬೋಟಿಗೆ ತಡಾ ಆಗ್ತದ" ಅನ್ನೋ ತನಕ ನಿಂತಿದ್ದೆ. ಇನ್ನ ಪಿಕಾಸೊ 1904ರಿಂದ ಇದ್ದ ಗುಡ್ಡದ ಮ್ಯಾಲಿನ ಮುರಕಲು ಮನಿಗೂ "ಬಾತೋ ಲವ್ವಾರ್" ಅಂತನ ಹೆಸರು, ಒಗಿಯೋ ದೋಣಿ ಕಂಡಂಗ ಕಾಣತಿತ್ತಂತ. ಈಗ ಆ ಹೆಸರು ಹೇಳಿದ್ರ ಮಂದಿಗೆ ಪಿಕಾಸೊ ನೆನಪಾಗ್ತಾನ.

ಹೊಳಿ ಹಿತ್ತಲ ಆಗೋದು ಹ್ಯಾಂಗ ನಿಂತಿತು? ಒಂದು ದೊಡ್ಡ ಕಾರಣ ಕಾಲರಾ. 1832ರಲ್ಲಿ ಒಂದೇ ವರ್ಷದಾಗ ಪ್ಯಾರಿಸ್ಸಿನ್ಯಾಗ 18 ಸಾವಿರಕ್ಕೂ ಹೆಚ್ಚು ಮಂದಿ ಸತ್ರು. ಕುಡಿಯೋದು, ಒಗಿಯೋದು, ಗಟಾರ ಬಿಡೋದು ಎಲ್ಲಾ ಅದೇ ಹೊಳಿಗೆ ಅಂದ್ರ ಮತ್ತೇನು? ಮುಂದ ಓಸ್ಮಾನ್ ಅನ್ನೋ ಅಧಿಕಾರಿ ಊರನ್ನ ಒಡದು ಕಟ್ಟಿದ ಕಾಲದಾಗ, ಬೆಲ್‌ಗ್ರಾಂ ಅನ್ನೋ ಎಂಜಿನಿಯರ ಹೊಳಿ ನೀರು ಬಿಟ್ಟು ದೂರದ ಊಟಿ ನೀರು ತರಿಸಿದ. 1865ರಲ್ಲಿ ದ್ವೀಸ್ ನೀರು, ಸುಮಾರು 130 ಕಿಲೋಮೀಟರಿನಿಂದ. 1874ರಲ್ಲಿ ವಾನ್ ನೀರು. ನೆಲದ ಬುಡಕ ಗಟಾರ. ಬರಬರತ ಮಜಲು ಮಜಲಿಗೆ ನಳ ಬಂತು, ನೀರು ಹೊರವರ ಕೆಲಸ ಹೋತು, ಒಗಿಯೋ ದೋಣಿನೂ ಒಂದೊಂದ ಮಾಯ ಆದವು. ನಳ ಬಂದದ್ದು ಯಾರಿಗೆ ಬ್ಯಾಡ? ಆ ಥಂಡಿ ನೀರು ಹಳೇ ಸೊಗಸು ಅಂತ ಹೇಳೋ ಗಂಡಸರಿಗೆ ಒಂದು ದಿವಸ ಬಡಿಗಿ ಕೊಟ್ಟು ನೋಡಬೇಕು. ಆದ್ರ ಕಮಾನು, ಮೂರ್ತಿ, ಹಳೇ ಗಾಲಿ ಅಂಗಡಿ ಎಲ್ಲಾದರ ಗುರ್ತು ಇಟ್ಟ ಊರಿಗೆ, ಒಂದು ಒಗಿಯೋ ದೋಣಿ ಕಟ್ಟಿ ನಿಲ್ಲಸಲಿಕ್ಕೆ ಜಾಗಾ ಸಿಗಲಿಲ್ಲ.

ಹೊಳಿ ದಂಡಿಗೆ ಉಣ್ಣೋ ಚಟಾ ಬೆಳದದ್ದೂ ಈ ಕಾಲದಾಗನ. ಅದೂ ಶ್ರೀಮಂತರಿಂದ ಅಲ್ಲ. ಊರ ಬಾಗಲಾಗ ವೈನಿಗೆ ಸುಂಕ ಇತ್ತು, ಬಾಗಲ ಹೊರಗ ಹೋದ್ರ ಸೋವಿ. ಅದಕ್ಕ ಕೂಲಿ ಮಂದಿ ರವಿವಾರ ಊರ ಹೊರಗ ಹೊಳಿ ದಂಡಿ ಖಾನಾವಳಿಗೆ ಹೋಗಿ, ಸಣ್ಣ ಮೀನ ಕರದದ್ದು ತಿಂದು, ಕುಣದು ಬರತಿದ್ರು. ರೆನ್ವಾ ಅನ್ನವನು 1880-81ರಲ್ಲಿ ಶತು ಅನ್ನೋ ಊರಾಗ ಸೇನ್ ದಂಡಿ ಮ್ಯಾಲಿನ ಇಂಥಾ ಒಂದು ಊಟದ ಚಿತ್ರ ಬರದಾನ. ಅದರಾಗ ಎಡಕ್ಕ ಕೂತು ಸಣ್ಣ ನಾಯಿ ಹಿಡಕೊಂಡಾಕಿ ಆಲೀನ್, ಹೊಲಿಗಿ ಕೆಲಸ ಮಾಡೋ ಹುಡುಗಿ, ಮುಂದ ಅವನ ಹೆಂಡತಿ ಆದಳು. ವಾರೆಲ್ಲಾ ಸೂಜಿ ಹಿಡದಾಕಿ ರವಿವಾರ ಹೊಳಿ ನೋಡಕೋತ ಕೂತಾಳ. ನಮ್ಮ ಬೋಟಿನ ಊಟಕ್ಕ ಮೂಲ ಹುಡುಕಿದ್ರ ಅರಮನಿ ಅಲ್ಲ, ಆ ಮೇಜು.

ಹೋಗವರಿಗೆ ಎರಡ ಮಾತು. ಅಲ್ಮಾ ಸೇತುವಿ ಬುಡಕ ಒಬ್ಬ ಸಿಪಾಯಿ ಮೂರ್ತಿ ಅದ, ಪ್ಯಾರಿಸ್ಸಿನವರು ನೆರಿ ಅಳಿಯೋದು ಅವನ ಮೈಲೆ. 1910ರ ನೆರ್ಯಾಗ ಅವನ ಹೆಗಲ ತನಕ ನೀರು ಬಂದಿತ್ತು. ಐಫೆಲ್ ಗೋಪುರ ಕತ್ತಲಾದ ಮ್ಯಾಲ ತಾಸಿಗೊಮ್ಮೆ ಐದು ಮಿನಿಟು ಮಿಣಮಿಣ ಅಂತದ, ಬೋಟು ಅದರ ಮುಂದ ಇರೋ ಹೊತ್ತಿಗೆ ತಾಸು ಹೊಡದ್ರ ನಿಮ್ಮ ಪುಣ್ಯ. ಆವಾಗ ಫೋನು ತಗೀಲಿಕ್ಕೆ ಹೋದವರ ಮುಂದ ಸೂಪು ಆರಿಹೋಗ್ತದ.

ಇನ್ನೊಂದು ಸುದ್ದಿ. ಹೊಲಸು ಅಂತ 1923ರಿಂದ ಸೇನ್ ಹೊಳ್ಯಾಗ ಈಜೋದು ಬಂದ್ ಮಾಡಿದ್ರು. 2024ರ ಒಲಿಂಪಿಕ್ಸ್ ಸಲವಾಗಿ ಕೋಟಿಗಟ್ಟಲೆ ರೊಕ್ಕ ಹಾಕಿ ನೀರು ಸ್ವಚ್ಛ ಮಾಡಿದ್ರು, 2025ರ ಜುಲೈದಾಗ ಮೂರು ಕಡೆ ಸಾಮಾನ್ಯ ಮಂದಿಗೂ ಇಳೀಲಿಕ್ಕೆ ಬಿಟ್ರು. ಅದರಾಗ ಒಂದು ಜಾಗಾ ಮಾರಿ ಸೇತುವಿ ಹತ್ರ, ನಟ್ಟನಡುವ ಊರಾಗ. ಒಬ್ಬ ಮುದುಕಿ ಮೆಟ್ಟಲ ಮ್ಯಾಲ ಕೂತು, ಹೊಳಿ ನೀರಾಗ ಟವೆಲ್ ಅದ್ದಿ ಹಿಂಡೋ ಫೋಟೋನ ಮಗಳು ಕಳಿಸ್ಯಾಳ. ಬೇಕಾದವರು ಮನಿಗೆ ಬರ್ರಿ, ತೋರಸ್ತೀನಿ.