ಗೊರಕೆ ಕೇಳಿಸ್ತಿದೆಯಾ? ಹಾಗಾದ್ರೆ ಓಡ್ಬೇಡಿ

ಇವತ್ತು ಇಯರ್‌ಫೋನ್ ಎರಡೂ ಕಿವಿಗೆ ಹಾಕ್ಕೊಳ್ಳಿ. ಒಂದೇ ಕಿವಿಗೆ ಸಿಕ್ಕಿಸ್ಕೊಂಡು ಕೇಳೋ ಅಭ್ಯಾಸ ಇರೋರು ನಾನು ಹೇಳ್ತಿರೋ ಆಟದಲ್ಲಿ ಬೇಗ ಸಾಯ್ತಾರೆ.

ಆಟದ ಹೆಸರು ಪಾಪಾ ಸಾಂಗ್ರೆ. ಲಂಡನ್ನಿನ ಸಮ್‌ಥಿನ್ ಎಲ್ಸ್ ಕಂಪನಿ 2010ರಲ್ಲಿ ಐಫೋನ್‌ಗೆ ತಂದದ್ದು. ನೀವು ಸತ್ತಿದ್ದೀರಿ, ಕಗ್ಗತ್ತಲ ಲೋಕದಲ್ಲಿ ಬಿದ್ದಿದ್ದೀರಿ. ಸ್ಕ್ರೀನ್ ಕೆಳಗಡೆ ಎರಡು ಪಾದ, ಒಂದಾದ ಮೇಲೊಂದು ಒತ್ತಿದರೆ ನಡೀತೀರಿ. ಮೇಲೆ ಬೆರಳು ಸವರಿದರೆ ತಿರುಗ್ತೀರಿ. ನೋಡೋಕೆ ಬೇರೇನೂ ಇಲ್ಲ. ಎಡಗಡೆ ಒಂದು ರಾಕ್ಷಸ ಗೊರಕೆ ಹೊಡೀತಿದೆ. ಅದು ಏಳದ ಹಾಗೆ ದಾಟಬೇಕು. ಅವಸರಪಟ್ಟರೆ ಎಡವಿ ಬೀಳ್ತೀರಿ.

ಗೊರಕೆ ಎಡಕ್ಕಿದೆ ಅಂತ ಹೇಗೆ ಗೊತ್ತಾಗತ್ತೆ? ಎಡಗಡೆಯ ಸದ್ದು ಎಡಗಿವಿಗೆ ಒಂದು ಕ್ಷಣದ ಸಣ್ಣ ತುಣುಕಷ್ಟು ಮೊದಲು ಮುಟ್ಟತ್ತೆ, ಸ್ವಲ್ಪ ಜೋರಾಗೂ ಇರತ್ತೆ. ಮುಂದೆಯೋ ಹಿಂದೆಯೋ ಅನ್ನೋದಕ್ಕೆ ನಮ್ಮ ಕಿವಿಯ ಆಕಾರವೇ ಸುಳಿವು ಕೊಡತ್ತೆ. ಈ ವ್ಯತ್ಯಾಸಗಳನ್ನ ಫೋನು ನೀವು ತಿರುಗಿದ ಹಾಗೇ ಲೆಕ್ಕ ಹಾಕಿ ಕೇಳಿಸ್ತಿತ್ತು. ಕದ್ದು ನಡೆಯೋ ಆಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಇಲ್ಲಿ ದಾರಿ ತೋರಿಸೋದೂ ಸದ್ದೇ, ಹಿಡಿದುಕೊಡೋದೂ ಸದ್ದೇ.

ಸದ್ದನ್ನೇ ನಂಬಿದ ಆಟ ಜಪಾನಿನಲ್ಲಿ ಇದಕ್ಕೂ ಮೊದಲೇ ಬಂದಿತ್ತು. ಕೆಂಜಿ ಎನೋ ಅನ್ನೋ ಗೇಮ್ ಡಿಸೈನರ್ 1996ರಲ್ಲಿ ಎನಿಮಿ ಝೀರೋ ಮಾಡಿದ. ಅದರಲ್ಲಿ ಶತ್ರುಗಳು ಕಾಣೋದೇ ಇಲ್ಲ. ಸ್ವರ ಏರಿದ್ದರೆ ಎದುರಿಗೆ, ಇಳಿದಿದ್ದರೆ ಬೆನ್ನ ಹಿಂದೆ! ಆದರೆ ಉಳಿದ ಆಟಕ್ಕೆ ಕಣ್ಣು ಬೇಕಿತ್ತು. ಅವನ ಅಭಿಮಾನಿಗಳಲ್ಲಿ ದೃಷ್ಟಿ ಇಲ್ಲದವರೂ ಇದ್ದರು. ಅವರನ್ನ ಹೋಗಿ ಭೇಟಿಯಾದ. ಮಾಮೂಲಿ ಆಟಗಳನ್ನೇ ಅವರು ಬರೀ ಸದ್ದು ಹಿಡಿದು ಕಷ್ಟಪಟ್ಟು ಆಡ್ತಿದ್ದರು. 1997ರಲ್ಲಿ ಬಂದ ಅವನ ರಿಯಲ್ ಸೌಂಡ್‌ನಲ್ಲಿ ಚಿತ್ರವೇ ಇರಲಿಲ್ಲ. ರೇಡಿಯೋ ನಾಟಕದ ಹಾಗೆ ಕಥೆ ಸಾಗತ್ತೆ, ಗಂಟೆ ಸದ್ದಾದಾಗ ನೀವು ದಾರಿ ಆರಿಸಬೇಕು. ಡಬ್ಬಿಯಲ್ಲಿ ಬ್ರೈಲ್ ಸೂಚನೆ, ಜೊತೆಗೆ ಗಿಡದ ಬೀಜ.

ಬಿಕಾಂ ಓದಿದ ನನಗೆ ಇಷ್ಟ ಆಗಿದ್ದು ಅವನ ಡೀಲು. ಆಟ ನಮಗಷ್ಟೇ ಬೇಕು ಅಂತ ಸೇಗಾ ಕೇಳಿತು. ಸರಿ, ಅಂಧರಿಗೆ 1,000 ಸ್ಯಾಟರ್ನ್ ಕನ್ಸೋಲ್ ಕೊಡಿ, 1,000 ಆಟದ ಪ್ರತಿ ನಾನು ಕೊಡ್ತೀನಿ ಅಂದ. ದಾನ ಅಂತ ಕೈ ಚಾಚಲಿಲ್ಲ, ಎಕ್ಸ್‌ಕ್ಲೂಸಿವ್ ಹಕ್ಕಿಗೆ ಬೆಲೆ ಕಟ್ಟಿದ.

ಪಾಪಾ ಸಾಂಗ್ರೆ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. 2009ರ ಐಫೋನ್ 3ಜಿಎಸ್‌ನಲ್ಲಿ ಸ್ಕ್ರೀನ್ ಓದಿ ಹೇಳುವ ವಾಯ್ಸ್‌ಓವರ್ ಬಂದಿತ್ತು. ಎಲ್ಲರ ಕೈಲಿರೋ ಅದೇ ಫೋನು, ಅದೇ ಆಟ. ಕತ್ತಲಲ್ಲಿ ಎಡವುತ್ತಿದ್ದವರು ಹೆಚ್ಚಾಗಿ ಕಣ್ಣಿರೋರು ಅಂತ ನಾನು ಬೆಟ್ ಕಟ್ತೀನಿ. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಅಂಥ ದೊಡ್ಡ ಬಜೆಟ್ಟಿನ ಆಟವನ್ನೂ, ಅದರಲ್ಲಿರೋ ಸದ್ದಿನ ಸುಳಿವು ಹಿಡಿದು, ಅಂಧ ಆಟಗಾರರು ಮುಗಿಸಿದ್ದಾರೆ.

ಪಾಪಾ ಸಾಂಗ್ರೆ ಮಾತ್ರ ಇವತ್ತು ಆ್ಯಪ್ ಸ್ಟೋರಿನಲ್ಲಿ ಇಲ್ಲ. ಮಾರಿಯೋನನ್ನ ಸ್ಕ್ರೀನ್‌ಶಾಟ್‌ನಲ್ಲಿ ತೋರಿಸಬಹುದು. ಇದರ ಸ್ಕ್ರೀನ್‌ಶಾಟ್‌ನಲ್ಲಿ ಏನಿರತ್ತೆ? ಕಪ್ಪು, ಎರಡು ಪಾದ. ನಿಮ್ಮ ಮನೆ ಡ್ರಾಯರ್‌ನಲ್ಲಿರೋ ಹಳೇ ಐಫೋನ್‌ನಲ್ಲಿ ಈ ಆಟ ಇದ್ದರೆ, ದಯವಿಟ್ಟು ಅಪ್‌ಡೇಟ್ ಒತ್ತಬೇಡಿ. ಮೊದಲು ನನಗೊಂದು ಮೆಸೇಜ್ ಹಾಕಿ.