ಹೈಫಾದಿಂದ ಬಂದವರು

ನಮ್ಮ ದೊಡ್ಡತಾತ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಸವಾರರಾಗಿದ್ದವರು. ಹುಡುಗರಾದ ನಾವು ಯುದ್ಧದ ಕಥೆ ಹೇಳಿರೆಂದು ಕಾಡಿದರೆ, ಸೂಯೆಜ್ ಕಾಲುವೆಯ ಮರಳುಗಾಳಿ, ಹಡಗಿನಲ್ಲಿ ಕುದುರೆಗಳಿಗೆ ಹುಲ್ಲು ತಿನ್ನಿಸಿದ ಪಾಡು, ಈಜಿಪ್ಟಿನ ಖರ್ಜೂರ, ಇವನ್ನೆಲ್ಲ ರಸವತ್ತಾಗಿ ವರ್ಣಿಸುವರು. ಹೈಫಾ ಎಂದೊಡನೆ ಎಲೆಅಡಿಕೆಯ ತಟ್ಟೆಗೆ ಕೈಹಾಕುವರು. ಅಲ್ಲಿಗೆ ಮಾತು ಮುಗಿಯಿತು.

ಚರಿತ್ರೆಯೇನೋ ಮೌನವಾಗಿಲ್ಲ. 1918ನೆಯ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ ಹಿಡಿದು, ಕಾರ್ಮೆಲ್ ಬೆಟ್ಟದ ಫಿರಂಗಿ, ಮೆಷಿನ್ ಗನ್ನುಗಳಿಗೆ ಎದುರಾಗಿ ನುಗ್ಗಿ, ತುರ್ಕರಿಂದ ಆ ಊರನ್ನು ಗೆದ್ದುಕೊಂಡರು. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ವಿಗ್ರಹಗಳಲ್ಲಿ ಒಂದು ಮೈಸೂರಿನದು. ಅಂದಿನ ಕಾಳಗದಲ್ಲಿ ಮಡಿದವರು 8 ಮಂದಿ. ಸತ್ತ ಕುದುರೆಗಳು 60, ಗಾಯಗೊಂಡವು 83.

ಕುದುರೆಗಳ ಈ ಲೆಕ್ಕವನ್ನು ನಾನು ಓದಿದ್ದು ದೊಡ್ಡತಾತ ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ. ಊರಿಗೆ ಮರಳಿದ ಅವರು ಜಟಕಾ ಗಾಡಿಯನ್ನು ಕೂಡ ಹತ್ತುತ್ತಿರಲಿಲ್ಲ. ಅದನ್ನು ಮನೆಯವರು ಜಿಪುಣತನವೆಂದೇ ತಿಳಿದಿದ್ದರು. ಅವರನ್ನು ದೂರುವುದೂ ನ್ಯಾಯವಲ್ಲ. ದೊಡ್ಡವರು ಕೇಳುತ್ತಿದ್ದುದು ಪದಕವೆಷ್ಟು, ಪಿಂಚಣಿಯೆಷ್ಟು ಎಂದು. ಸ್ವಾತಂತ್ರ್ಯ ಬಂದಮೇಲಂತೂ ಬ್ರಿಟಿಷರ ಯುದ್ಧಕ್ಕೆ ಹೋಗಿಬಂದವರನ್ನು ಅಷ್ಟು ಕೇಳುವವರೂ ಇಲ್ಲವಾದರು.

ಒಮ್ಮೆ ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಜಟಕಾದ ಕುದುರೆಯೊಂದು ಜಾರಿಬಿತ್ತು. ಜೊತೆಯಲ್ಲಿ ನಡೆಯುತ್ತಿದ್ದ ದೊಡ್ಡತಾತ ನನ್ನ ಕೈ ಬಿಟ್ಟು ಓಡಿದರು. ಕೆಸರಿನಲ್ಲೇ ಕುಳಿತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ಅರ್ಥವಾಗದ ಹಿಂದೂಸ್ತಾನಿಯಲ್ಲಿ, ಅದರ ಕಿವಿಯ ಹತ್ತಿರ ಬಹಳ ಹೊತ್ತು ಏನೋ ಹೇಳುತ್ತಿದ್ದರು.